ಆಗ 22 ಸಾವಿರ ಡಾಲರ್, ಈಗ 4 ಲಕ್ಷ: ಸಣ್ಣ ವಿಮಾನದ ಬೆಲೆಗೆ ಏನಾಯಿತು?

ಪ್ರಶ್ನೆ: ನಮ್ಮ ದೊಡ್ಡಪ್ಪ ಓದೋಕೆ ಅಂತ 1974ರಲ್ಲಿ ಅಮೆರಿಕಕ್ಕೆ ಬಂದವರು. ಅವರ ಹಳೇ ಪೆಟ್ಟಿಗೆಯಲ್ಲಿ 1977ರ ಸೆಸ್ನಾ 172 ಅನ್ನೋ ನಾಲ್ಕು ಸೀಟಿನ ವಿಮಾನದ ಜಾಹೀರಾತು ಸಿಕ್ಕಿತು. ಹೊಸ ವಿಮಾನಕ್ಕೆ 22,300 ಡಾಲರ್ ಅಂತ ಇದೆ. ಈಗ ಅದೇ ಹೆಸರಿನ ಹೊಸ ವಿಮಾನ 4 ಲಕ್ಷ ಡಾಲರ್ ದಾಟಿದೆ. ಆಗ ನಿಜವಾಗ್ಲೂ ಅಷ್ಟು ಅಗ್ಗ ಇತ್ತಾ? ಈಗ ಯಾಕೆ ಹೀಗೆ? ನಾನು ಡಲ್ಲಾಸ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ, ಎರಡು ವರ್ಷದ ಹಿಂದೆ ಪೈಲಟ್ ಲೈಸೆನ್ಸ್ ಆಯಿತು, ಬಾಡಿಗೆ ವಿಮಾನದಲ್ಲಿ ವರ್ಷಕ್ಕೆ 40 ಗಂಟೆ ಹಾರುತ್ತೇನೆ. ಸ್ವಂತಕ್ಕೆ ಒಂದು ಕೊಳ್ಳಬಹುದಾ?

ಉತ್ತರ: ಜಾಹೀರಾತು ಸುಳ್ಳಲ್ಲ. ಆದರೆ 22,300 ಅನ್ನೋದು ಬರೀ ಮೈಯ ಬೆಲೆ. ಕಾರ್ ಷೋರೂಮಿನಲ್ಲಿ ಬೋರ್ಡಿನ ಬೆಲೆ ಒಂದು, ಬಿಲ್ಲಿನ ಬೆಲೆ ಒಂದು ಇರುತ್ತಲ್ಲ, ಹಾಗೆ. ರೇಡಿಯೋ, ದಾರಿ ತೋರಿಸುವ ಉಪಕರಣ ಎಲ್ಲ ಸೇರಿಸುತ್ತಾ ಹೋದರೆ ಆಗಲೂ ಕೆಲವು ಸಾವಿರ ಮೇಲಾಗುತ್ತಿತ್ತು. ಅದನ್ನು ಬದಿಗಿಟ್ಟು ಮೂಲ ಬೆಲೆಯನ್ನೇ ಹಿಡಿದು ಲೆಕ್ಕ ಹಾಕೋಣ.

ಡಾಲರಿಗೆ ಡಾಲರ್ ಹೋಲಿಸಿದರೆ ಏನೂ ತಿಳಿಯುವುದಿಲ್ಲ. ಸಂಬಳಕ್ಕೆ ಹೋಲಿಸಬೇಕು. 172 ಮೊದಲು ಮಾರುಕಟ್ಟೆಗೆ ಬಂದಾಗ, 1956ರ ಮಾಡೆಲ್ ಬೆಲೆ 9 ಸಾವಿರ ಡಾಲರಿಗೆ ತುಸು ಕಡಿಮೆ. ಆ ವರ್ಷ ಅಮೆರಿಕದ ನಡುಮಟ್ಟದ ಕುಟುಂಬದ ಆದಾಯ ವರ್ಷಕ್ಕೆ ಸುಮಾರು 4,800 ಡಾಲರ್. ಅಂದರೆ ಊಟ, ಬಟ್ಟೆ, ಬಾಡಿಗೆ ಏನೂ ಇಲ್ಲದೆ 22 ತಿಂಗಳ ಪೂರ್ತಿ ಆದಾಯ ಸುರಿದರೆ ಒಂದು ವಿಮಾನ. 1977ರಲ್ಲಿ ಕುಟುಂಬದ ಆದಾಯ 16 ಸಾವಿರಕ್ಕೆ ಏರಿತ್ತು. ಹಾಗಾಗಿ ನಿಮ್ಮ ದೊಡ್ಡಪ್ಪನ ಜಾಹೀರಾತಿನ ವಿಮಾನಕ್ಕೆ 17 ತಿಂಗಳು ಸಾಕಿತ್ತು. ಅಷ್ಟು ವರ್ಷಗಳಲ್ಲಿ ವಿಮಾನ ಅಗ್ಗವೇ ಆಗಿತ್ತು ನೋಡಿ. 1997ರ ಹೊತ್ತಿಗೆ ಅದೇ 172ಕ್ಕೆ ಒಂದೂಕಾಲು ಲಕ್ಷದ ಆಸುಪಾಸು, ಆದಾಯದ ಲೆಕ್ಕದಲ್ಲಿ 33 ತಿಂಗಳು. ಈಗ ನಾಲ್ಕು ವರ್ಷದ ಆದಾಯ ಕೊಟ್ಟರೂ ಸಾಲದು.

ಮನೆಗೆ ಹೋಲಿಸಿದರೆ ಇನ್ನೂ ಚೆನ್ನಾಗಿ ಕಾಣುತ್ತದೆ. 1977ರಲ್ಲಿ ಅಲ್ಲಿ ಸಾಧಾರಣ ಹೊಸ ಮನೆಗೆ 49 ಸಾವಿರ ಡಾಲರ್. ವಿಮಾನ ಅದರ ಅರ್ಧಕ್ಕಿಂತ ಕಡಿಮೆ. ಈಗ ಹೊಸ ಮನೆಯೂ 4 ಲಕ್ಷದ ಮೇಲೆ, ಹೊಸ ವಿಮಾನವೂ 4 ಲಕ್ಷದ ಮೇಲೆ. ಅಮೆರಿಕದಲ್ಲಿ ಮನೆ ದುಬಾರಿ ಆಯಿತು ಅಂತ ಎಲ್ಲರೂ ಗೋಳಾಡುತ್ತಾರೆ, ಅಂಥ ಮನೆಯನ್ನೇ ಓಡಿ ಹಿಡಿದಿದೆ ಈ ನಾಲ್ಕು ಸೀಟಿನ ವಿಮಾನ.

ಇನ್ನೂ ಹಿಂದಕ್ಕೆ ಹೋದರೆ ಕಥೆ ಮಜವಾಗಿದೆ. 1930ರ ದಶಕದ ಕೊನೆಗೆ ಪೆನ್ಸಿಲ್ವೇನಿಯಾದ ಲಾಕ್ ಹೇವನ್ ಊರಿನಲ್ಲಿ ಪೈಪರ್ ಕಂಪನಿ ತನ್ನ ಹಳದಿ ಬಣ್ಣದ ಜೆ-3 ಕಬ್ ವಿಮಾನವನ್ನು ಸಾವಿರ ಡಾಲರಿಗೆ ಸ್ವಲ್ಪ ಮೇಲೆ ಮಾರುತ್ತಿತ್ತು. ಕೊಳವೆ ಚೌಕಟ್ಟು, ಮೇಲೆ ಬಟ್ಟೆ, ಮುಂದೆ 40 ಕುದುರೆ ಶಕ್ತಿಯ ಎಂಜಿನ್, ಅಷ್ಟೇ. ಎರಡನೇ ಮಹಾಯುದ್ಧ ಮುಗಿದಾಗ ಸಾವಿರಾರು ಪೈಲಟ್‌ಗಳು ಮನೆಗೆ ಬಂದರು. ಇನ್ನು ಮನೆಗೊಂದು ಕಾರ್ ಇದ್ದ ಹಾಗೆ ಮನೆಗೊಂದು ವಿಮಾನ ಅಂತ ಕಂಪನಿಗಳು ನಂಬಿಬಿಟ್ಟವು. ನ್ಯೂಯಾರ್ಕಿನ ಮೇಸೀಸ್ ಅಂಗಡಿಯಲ್ಲಿ, ಸೀರೆ ಅಂಗಡಿಯಲ್ಲಿ ಗೊಂಬೆ ನಿಲ್ಲಿಸಿದ ಹಾಗೆ, ಎರ್ಕೂಪ್ ಅನ್ನೋ ವಿಮಾನವನ್ನು ನಿಲ್ಲಿಸಿ 3 ಸಾವಿರ ಡಾಲರಿಗೆ ಮಾರಿದರು. 1946 ಒಂದೇ ವರ್ಷ ಸುಮಾರು 35 ಸಾವಿರ ವಿಮಾನ ತಯಾರಾದವು. ಮರುವರ್ಷ ಅದರ ಅರ್ಧವೂ ಇಲ್ಲ. ಕೊಂಡವರಿಗೆ ಗೊತ್ತಾಗಿದ್ದು ಇಷ್ಟೇ: ಮನೆಯಿಂದ ಏರ್‌ಪೋರ್ಟಿಗೆ ಹೋಗೋಕೂ ಕಾರ್ ಬೇಕು, ಇಳಿದ ಮೇಲೂ ಕಾರ್ ಬೇಕು, ಮಳೆ ಬಂದರೆ ಎರಡು ದಿನ ಅಲ್ಲೇ ಕೂರಬೇಕು.

ಈಗ ನಿಮ್ಮ ಎರಡನೇ ಪ್ರಶ್ನೆ. ಯಾಕೆ ಏರಿತು?

ಈ ಮಾತು ತೆಗೆದರೆ ಅಮೆರಿಕದ ಹಳೇ ಪೈಲಟ್‌ಗಳೆಲ್ಲ ಒಂದೇ ಉತ್ತರ ಹೇಳುತ್ತಾರೆ: "ಲಾಯರ್‌ಗಳು." ಅದರಲ್ಲಿ ಸತ್ಯ ಇದೆ. 1970ರ ದಶಕದ ನಂತರ ಅಪಘಾತವಾದರೆ ತಯಾರಿಸಿದ ಕಂಪನಿ ಮೇಲೆ ಕೇಸು ಹಾಕುವುದು ರೂಢಿಯಾಯಿತು. ವಿಮಾನಕ್ಕೆ 30 ವರ್ಷವಾಗಿರಲಿ, ಯಾರ್ಯಾರೋ ರಿಪೇರಿ ಮಾಡಿರಲಿ, ಹೊಣೆ ಕಂಪನಿಯದೇ. 1983ರಲ್ಲಿ ನ್ಯೂ ಮೆಕ್ಸಿಕೋದಲ್ಲಿ ನಡೆದ ಒಂದು ಘಟನೆಯನ್ನು ಇವತ್ತಿಗೂ ಉದಾಹರಿಸುತ್ತಾರೆ. ಒಬ್ಬ ಪೈಲಟ್ ಹಾರಬಾರದು ಅಂತ ರನ್‌ವೇ ಮೇಲೆ ವ್ಯಾನ್ ತಂದು ನಿಲ್ಲಿಸಿದ್ದರು. ಆತ ಹಿಂದಿನ ಸೀಟಿನಲ್ಲಿ ಕೂತು ಓಡಿಸಿದ, ಹೋಗಿ ವ್ಯಾನಿಗೇ ಗುದ್ದಿದ. ಕೊನೆಗೆ ಕೇಸು ಬಿದ್ದದ್ದು ವಿಮಾನ ಮಾಡಿದ ಪೈಪರ್ ಕಂಪನಿ ಮೇಲೆ! ಇಂಥ ಕೇಸುಗಳ ವಿಮೆ ಹೊರೆ ಪ್ರತಿ ಹೊಸ ವಿಮಾನದ ಬೆಲೆಯ ಮೇಲೆ ಬಿತ್ತು. 1986ರಲ್ಲಿ ಸೆಸ್ನಾ ಸಣ್ಣ ಪಿಸ್ಟನ್ ವಿಮಾನ ಮಾಡುವುದನ್ನೇ ನಿಲ್ಲಿಸಿತು. 1991ರಲ್ಲಿ ಪೈಪರ್ ದಿವಾಳಿ ಅರ್ಜಿ ಹಾಕಿತು.

ಆದರೆ ಲಾಯರ್‌ಗಳ ಮೇಲೆ ಪೂರ್ತಿ ಹೊರಿಸಿದರೆ ಒಂದು ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. 1994ರಲ್ಲಿ ಅಮೆರಿಕ ಸರ್ಕಾರ ಕಾನೂನು ತಂದಿತು. ಸಣ್ಣ ವಿಮಾನಕ್ಕೆ 18 ವರ್ಷ ದಾಟಿದ ಮೇಲೆ ಸಾಮಾನ್ಯವಾಗಿ ತಯಾರಕರ ಮೇಲೆ ಕೇಸು ಹಾಕುವಂತಿಲ್ಲ. ಅದನ್ನು ನಂಬಿ ಸೆಸ್ನಾ ಕಾನ್ಸಾಸ್‌ನ ಇಂಡಿಪೆಂಡೆನ್ಸ್ ಊರಿನಲ್ಲಿ ಹೊಸ ಕಾರ್ಖಾನೆ ಕಟ್ಟಿತು, 172 ಮತ್ತೆ ಬಂತು. ಬೆಲೆ ಇಳಿಯಿತಾ? ಇಲ್ಲ. ಮೇಲೆ ಹೇಳಿದ ಒಂದೂಕಾಲು ಲಕ್ಷದ ವಿಮಾನ ಇದೇ.

ನನ್ನ ಪ್ರಕಾರ ದೊಡ್ಡ ಕಾರಣ ಸಂಖ್ಯೆ. 1978ರಲ್ಲಿ ಅಮೆರಿಕದ ಕಂಪನಿಗಳು 17,800 ಸಣ್ಣ ವಿಮಾನ ಮಾರಿದ್ದವು. 1994ರಲ್ಲಿ ಅದು ಸಾವಿರಕ್ಕೂ ಕಮ್ಮಿ. ನಡುವೆ ಏನೇನಾಯಿತು ಅಂದರೆ, 1979ರಲ್ಲಿ ಎಣ್ಣೆ ಬೆಲೆ ಏರಿತು. ಸಾಲದ ಬಡ್ಡಿ ಶೇಕಡ 20ರವರೆಗೆ ಹೋಯಿತು. ಮಾಜಿ ಸೈನಿಕರಿಗೆ ಹಾರಾಟ ಕಲಿಯಲು ಸರ್ಕಾರ ಕೊಡುತ್ತಿದ್ದ ದುಡ್ಡು ಬತ್ತಿತು. ಬಿಸಿನೆಸ್‌ಗೆ ಅಂತ ವಿಮಾನ ಕೊಂಡವರಿಗೆ ಸಿಗುತ್ತಿದ್ದ ತೆರಿಗೆ ಲಾಭ 1986ರಲ್ಲಿ ಹೋಯಿತು. ಕೊಳ್ಳುವವರು ಕಡಿಮೆಯಾದರು, ಹಾಗಾಗಿ ತಯಾರಿ ಕಡಿಮೆ, ಹಾಗಾಗಿ ಒಂದೊಂದರ ಖರ್ಚು ಜಾಸ್ತಿ, ಹಾಗಾಗಿ ಕೊಳ್ಳುವವರು ಇನ್ನೂ ಕಡಿಮೆ. ಮಾರುತಿ ಕಾರನ್ನು ವರ್ಷಕ್ಕೆ ಬರೀ ಇನ್ನೂರು ಮಾಡಿದ್ದರೆ ಅದರ ಬೆಲೆ ಎಷ್ಟಿರುತ್ತಿತ್ತು ಯೋಚಿಸಿ. ಇವತ್ತಿಗೂ 172ರ ರೆಕ್ಕೆಗೆ ರಿವೆಟ್ ಹೊಡೆಯುವ ಕೆಲಸದಲ್ಲಿ ಬಹುಪಾಲು ಮನುಷ್ಯರ ಕೈಯದೇ. ಅಷ್ಟು ಕಡಿಮೆ ಸಂಖ್ಯೆಗೆ ಕೋಟಿಗಟ್ಟಲೆ ಸುರಿದು ಯಂತ್ರ ಹಾಕೋರು ಯಾರು?

ಇನ್ನೊಂದು ವಿಷಯ ಜನರ ಬಾಯಲ್ಲಿ ಅಷ್ಟಾಗಿ ಬರುವುದಿಲ್ಲ. ವಿಮಾನ ಸಾಯುವುದಿಲ್ಲ. ಕಾರು ಹದಿನೈದು ವರ್ಷಕ್ಕೆ ಗುಜರಿಗೆ ಹೋಗುತ್ತದೆ. ವಿಮಾನಕ್ಕೆ ವರ್ಷ ವರ್ಷ ಕಡ್ಡಾಯ ತಪಾಸಣೆ, ಸವೆದದ್ದನ್ನು ಬದಲಿಸಲೇಬೇಕು. ಹಾಗಾಗಿ 50 ವರ್ಷದ ವಿಮಾನವೂ ಗಟ್ಟಿಯಾಗೇ ಇರುತ್ತದೆ. 172 ಈವರೆಗೆ 44 ಸಾವಿರಕ್ಕೂ ಹೆಚ್ಚು ತಯಾರಾಗಿವೆ, ಸಾವಿರಾರು ಹಳೆಯವು ಇವತ್ತೂ ಹಾರುತ್ತಿವೆ. ಅಂದರೆ ಸೆಸ್ನಾ ಕಂಪನಿಗೆ ದೊಡ್ಡ ಪೈಪೋಟಿ ಅದರದೇ ಹಳೇ ವಿಮಾನ. ಒಂದು ಲಕ್ಷಕ್ಕೆ ಹಳೆಯದು ಸಿಗುವಾಗ ನಾಲ್ಕು ಲಕ್ಷ ಕೊಟ್ಟು ಹೊಸದನ್ನು ಮನೆಮಂದಿ ಕೊಳ್ಳುವುದಿಲ್ಲ. ಈಗ ಹೊಸ 172 ಕೊಳ್ಳುವವರು ಹೆಚ್ಚಾಗಿ ಫ್ಲೈಯಿಂಗ್ ಸ್ಕೂಲ್‌ಗಳು. ಅವರು ಗಂಟೆ ಲೆಕ್ಕದಲ್ಲಿ ವಸೂಲಿ ಮಾಡುತ್ತಾರೆ, ಬೆಲೆಗೆ ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ.

ಅಗ್ಗದ ಹೊಸ ವಿಮಾನ ಮಾಡೋಕೆ ಯಾರೂ ಪ್ರಯತ್ನಿಸಲಿಲ್ಲ ಅಂತಲ್ಲ. 2004ರಲ್ಲಿ ಅಮೆರಿಕ 'ಲೈಟ್ ಸ್ಪೋರ್ಟ್' ಅಂತ ಹೊಸ ವರ್ಗ ಮಾಡಿತು, ನಿಯಮ ಸಡಿಲ, ತೂಕ ಮಾತ್ರ 600 ಕೆಜಿ ಮೀರಬಾರದು. ಸೆಸ್ನಾ 2007ರಲ್ಲಿ ಎರಡು ಸೀಟಿನ 162 ಸ್ಕೈಕ್ಯಾಚರ್ ಘೋಷಿಸಿತು, ಬೆಲೆ 1,09,500 ಡಾಲರ್. ಬುಕಿಂಗ್ ಸಾವಿರ ದಾಟಿತು. ಖರ್ಚು ಉಳಿಸೋಕೆ ಚೀನಾದ ಶೆನ್ಯಾಂಗ್‌ನಲ್ಲಿ ಮಾಡಿಸಿದರು. ಬೆಲೆ ನೋಡನೋಡುತ್ತಾ ಒಂದೂವರೆ ಲಕ್ಷಕ್ಕೆ ಹೋಯಿತು. ತೂಕದ ಮಿತಿ ಬೇರೆ, ಇಬ್ಬರು ಮೈಕೈ ತುಂಬಿಕೊಂಡವರು ಕೂತರೆ ಟ್ಯಾಂಕ್ ಪೂರ್ತಿ ತುಂಬಿಸುವಂತಿಲ್ಲ. ಇನ್ನೂರು ಕೂಡ ಮಾರಾಟವಾಗಲಿಲ್ಲ. 2013ರಲ್ಲಿ ನಿಲ್ಲಿಸಿದರು, 2016ರಲ್ಲಿ ಉಳಿದವನ್ನು ಗುಜರಿಗೆ ಹಾಕಿದರು. ಹೊಸ ವಿಮಾನಗಳನ್ನು! ಬಿಡಿಭಾಗಕ್ಕಾದರೂ ಕೊಡಿ ಅಂತ ನಮ್ಮಂಥ ಮೆಕ್ಯಾನಿಕ್‌ಗಳ ಹೊಟ್ಟೆ ಉರಿದುಹೋಯಿತು.

ಬಿಡಿಭಾಗ ಅಂದಾಗ ನೆನಪಾಯಿತು. 1970ರ ದಶಕದ ಎಷ್ಟೋ ಸೆಸ್ನಾಗಳಲ್ಲಿರುವ ಆಲ್ಟರ್ನೇಟರ್, ಅಂದರೆ ಕರೆಂಟ್ ತಯಾರಿಸುವ ಭಾಗ, ಮೂಲದಲ್ಲಿ ಫೋರ್ಡ್ ಕಾರಿನ ವಿನ್ಯಾಸದ್ದು. ಕಾರಿನ ಅಂಗಡಿಯಲ್ಲಿ ಅಂಥದ್ದು ಸಿಗುವ ಬೆಲೆಯ ಕೆಲವು ಪಟ್ಟು ಕೊಟ್ಟು ನಾವು ವಿಮಾನದ್ದನ್ನು ತರಿಸುತ್ತೇವೆ. ಪಕ್ಕಪಕ್ಕ ಇಟ್ಟರೆ ಅಣ್ಣತಮ್ಮ. ವ್ಯತ್ಯಾಸ ಜೊತೆಗೆ ಬರುವ ಕಾಗದದಲ್ಲಿದೆ: ಎಲ್ಲಿ ಆಯಿತು, ಯಾರು ಪರೀಕ್ಷಿಸಿದರು, ಯಾರು ಸಹಿ ಹಾಕಿದರು. ಆ ಕಾಗದ ಇಲ್ಲದ ಭಾಗ ಹಾಕಿದರೆ ನನ್ನ ಲೈಸೆನ್ಸ್ ಹೋಗುತ್ತದೆ. ಇದು ಅನ್ಯಾಯ ಅಂತ ನಾನು ಪೂರ್ತಿ ಹೇಳಲಾರೆ, ರಸ್ತೆ ಬದಿಗೆ ಹಾಕಿ ನಿಲ್ಲಿಸುವ ವಾಹನ ಅಲ್ಲವಲ್ಲ ಇದು. ಆದರೆ ಒಂದು ಪುಟ್ಟ ಸ್ವಿಚ್ಚಿನ ಬಿಲ್ ನೋಡಿದಾಗ ಮೂಗಿಗಿಂತ ಮೂಗುತಿ ಭಾರ ಅನ್ನಿಸುವುದು ನಿಜ.

ಇನ್ನು ನೀವು ಕೊಳ್ಳುವ ವಿಷಯ. ಹೊಸದನ್ನು ಮರೆತುಬಿಡಿ. 1970ರ ದಶಕದ 172 ಈಗ ಸಾಮಾನ್ಯವಾಗಿ 80 ಸಾವಿರದಿಂದ 1 ಲಕ್ಷ 20 ಸಾವಿರ ಡಾಲರಿಗೆ ಸಿಗುತ್ತದೆ, ಎಂಜಿನ್ ಸ್ಥಿತಿ ನೋಡಿಕೊಂಡು. ತಮಾಷೆ ಏನು ಗೊತ್ತಾ? 1977ರ 22,300 ಡಾಲರನ್ನು ಇವತ್ತಿನ ಹಣಕ್ಕೆ ತಂದರೆ ಒಂದು ಲಕ್ಷದ ಹದಿನೈದು-ಇಪ್ಪತ್ತು ಸಾವಿರ ಆಗುತ್ತದೆ. ಅಂದರೆ ದೊಡ್ಡಪ್ಪನ ಜಾಹೀರಾತಿನ ವಿಮಾನ ಇವತ್ತಿಗೂ ಹೆಚ್ಚುಕಮ್ಮಿ ಅದೇ ಬೆಲೆಗೆ ಇದೆ. ವಯಸ್ಸು ಮಾತ್ರ ಐವತ್ತರ ಹತ್ತಿರ.

ಕೊಳ್ಳುವ ಬೆಲೆ ಒಂದು ಸಲದ್ದು. ಹಸು ತಂದವನಿಗೆ ದಿನಾ ಹುಲ್ಲಿನ ಚಿಂತೆ, ಅದನ್ನು ನೋಡಿ. ಹಾರಿದರೂ ಹಾರದಿದ್ದರೂ ಬೀಳುವ ಖರ್ಚು: ಹ್ಯಾಂಗರ್, ಅಂದರೆ ವಿಮಾನ ನಿಲ್ಲಿಸುವ ಶೆಡ್ಡಿನ ಬಾಡಿಗೆ ತಿಂಗಳಿಗೆ 350 ಅಂತ ಹಿಡಿದರೆ ವರ್ಷಕ್ಕೆ 4,200 ಡಾಲರ್. ಡಲ್ಲಾಸ್ ಹತ್ತಿರ ಅದಕ್ಕಿಂತ ಜಾಸ್ತಿಯೇ ಕೇಳಬಹುದು, ಹೆಸರು ಬರೆಸಿ ಕಾಯಬೇಕಾಗಿಯೂ ಬರಬಹುದು. ವಿಮೆ 1,500. ವರ್ಷದ ತಪಾಸಣೆ, ಅದರಲ್ಲಿ ಸಿಗುವ ಸಣ್ಣಪುಟ್ಟದ್ದು ಸೇರಿ 2,500. ಒಟ್ಟು 8,200. ಹಾರಿದಾಗ ಬೀಳುವುದು: ಗಂಟೆಗೆ ಎಂಟೂವರೆ ಗ್ಯಾಲನ್ ಏವ್‌ಗ್ಯಾಸ್ (ಸಣ್ಣ ವಿಮಾನದ ಪೆಟ್ರೋಲ್), 55 ಡಾಲರ್. ಎಂಜಿನ್ ಪೂರ್ತಿ ಬಿಚ್ಚಿ ಮತ್ತೆ ಕಟ್ಟುವ ಓವರ್‌ಹಾಲ್‌ಗೆ ಎತ್ತಿಡೋದು 20, ಯಾಕೆಂದರೆ 2,000 ಗಂಟೆಗೆ ಒಮ್ಮೆ 40 ಸಾವಿರದ ಕೆಲಸ ಅದು. ರಿಪೇರಿಗೆ ಇನ್ನೊಂದು 20. ಗಂಟೆಗೆ 95.

ನೀವು ವರ್ಷಕ್ಕೆ 40 ಗಂಟೆ ಹಾರುತ್ತೀರಿ. 8,200 ಅನ್ನು 40ಕ್ಕೆ ಹಂಚಿದರೆ 205, ಅದಕ್ಕೆ 95 ಸೇರಿಸಿ, ಗಂಟೆಗೆ 300 ಡಾಲರ್. ವಿಮಾನಕ್ಕೆ ಕೊಟ್ಟ ಒಂದು ಲಕ್ಷದ ಬಡ್ಡಿ ಇದರಲ್ಲಿಲ್ಲ. ಬಾಡಿಗೆಗೆ ನೀವು ಈಗ ಗಂಟೆಗೆ ಸುಮಾರು 170–180 ಕೊಡುತ್ತಿರಬೇಕು, ಇಂಧನವೂ ಸೇರಿ. ಅಂದರೆ ಒಬ್ಬರೇ ಕೊಂಡರೆ ನಷ್ಟ. ವರ್ಷಕ್ಕೆ 100 ಗಂಟೆ ಹಾರುವವರಿಗೆ ಇದು 177ಕ್ಕೆ ಇಳಿದು ಬಾಡಿಗೆಗೆ ಸಮ ಆಗುತ್ತದೆ.

ಹಾಗಂತ ಸುಮ್ನೆ ಬಿಟ್ಟುಬಿಡಿ ಅಂತ ನಾನು ಹೇಳುವುದಿಲ್ಲ. ನಾಲ್ಕು ಜನ ಸೇರಿ ಕೊಳ್ಳಿ. ಒಬ್ಬೊಬ್ಬರಿಗೆ ಬಂಡವಾಳ 25 ಸಾವಿರ, ಅಂದರೆ ಒಂದು ಸಾಧಾರಣ ಕಾರು. ಸ್ಥಿರ ಖರ್ಚು ವರ್ಷಕ್ಕೆ 2,050. ಮೇಲೆ ಹಾರಿದಷ್ಟಕ್ಕೆ ಗಂಟೆಗೆ 95. ನಿಮ್ಮ 40 ಗಂಟೆಗೆ ವರ್ಷಕ್ಕೆ ಸುಮಾರು 5,850 ಡಾಲರ್ ಆಯಿತು. ಬಾಡಿಗೆಗಿಂತ ಕಡಿಮೆ, ಶನಿವಾರ ಹೋಗಿ ಭಾನುವಾರ ಬರಬೇಕು ಅಂದರೆ ಯಾರಪ್ಪನ ಅಪ್ಪಣೆಯೂ ಬೇಕಿಲ್ಲ. 1950–70ರ ದಶಕಗಳಲ್ಲೂ ಎಷ್ಟೋ ಸಾಮಾನ್ಯ ಜನ ಹಾರಿದ್ದು ಹೀಗೇ, ಕ್ಲಬ್ ಮಾಡಿಕೊಂಡು, ಪಾಲು ಹಾಕಿಕೊಂಡು. ಜಾಹೀರಾತಿನಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಕೈ ಬೀಸುವ ಯಜಮಾನ ಆಗಲೂ ಅಪರೂಪದವನೇ.

ಪಾಲುದಾರರನ್ನು ಆರಿಸುವಾಗ ದುಡ್ಡಿಗಿಂತ ಗುಣ ನೋಡಿ. ಹಾರಿ ಬಂದ ಮೇಲೆ ಟ್ಯಾಂಕ್ ತುಂಬಿಸಿ ಇಡುವವರು, ಟೈರ್ ಸವೆದಿದ್ದರೆ ಮುಚ್ಚಿಡದೆ ಹೇಳುವವರು ಬೇಕು. ಮಾತುಕತೆ ಎಲ್ಲ ಬರವಣಿಗೆಯಲ್ಲಿರಲಿ, ಒಬ್ಬರು ಬಿಟ್ಟುಹೋದರೆ ಏನು ಅನ್ನೋದು ಸೇರಿ. ನಮ್ಮವರು "ಅಯ್ಯೋ, ನಮ್ಮ ನಮ್ಮಲ್ಲಿ ಅದೆಲ್ಲಾ ಯಾಕೆ" ಅಂತಾರೆ. ಬೇಕು.

ಎಂಜಿನ್ ವಿಷಯದಲ್ಲಿ ನಾನೇ ಏಟು ತಿಂದವನು. ಹತ್ತು ವರ್ಷದ ಹಿಂದೆ ಮೂವರು ಸೇರಿ ಒಂದು ಹಳೇ 172 ತಗೊಂಡೆವು. ಮಾರಿದವರು "ಎಂಜಿನ್ ಓಡಿರೋದೇ 600 ಗಂಟೆ, ಇನ್ನೂ ಎಳೇದು" ಅಂದರು. ಲೆಕ್ಕ ಸರಿಯೇ ಇತ್ತು. ಆದರೆ ಆ 600 ಗಂಟೆ ಓಡಿದ್ದು 19 ವರ್ಷದಲ್ಲಿ, ಕೊನೆಯ ಮೂರು ವರ್ಷ ಹೆಚ್ಚುಕಮ್ಮಿ ನಿಂತೇ ಇತ್ತು. ಆ ವಿಮಾನದ ಲೈಕಮಿಂಗ್ ಕಂಪನಿಯ ಎಂಜಿನ್‌ನಲ್ಲಿ ಕ್ಯಾಮ್‌ಶಾಫ್ಟ್, ಅಂದರೆ ವಾಲ್ವ್‌ಗಳನ್ನು ತೆರೆಸುವ ಉಕ್ಕಿನ ದಂಡ, ಮೇಲ್ಗಡೆ ಇರುತ್ತದೆ. ನಿಲ್ಲಿಸಿಟ್ಟರೆ ಎಣ್ಣೆ ಜಾರಿ ಕೆಳಗೆ ಇಳಿದು ಅದು ಒಣಗುತ್ತದೆ, ತೇವಕ್ಕೆ ತುಕ್ಕು ಹಿಡಿಯುತ್ತದೆ. ನಾನು ಮೆಕ್ಯಾನಿಕ್ ಆಗಿದ್ದೂ ಬಣ್ಣ ನೋಡಿ ಮರುಳಾದೆ. ನಾಲ್ಕನೇ ತಿಂಗಳು ಆಯಿಲ್ ಫಿಲ್ಟರ್ ಬಿಚ್ಚಿ, ಕತ್ತರಿಸಿ, ಒಳಗಿನ ಮಡಿಕೆ ಕಾಗದವನ್ನು ಬಿಳಿ ತಟ್ಟೆ ಮೇಲೆ ಹರಡಿದಾಗ ರಂಗೋಲಿ ಪುಡಿಯಲ್ಲಿ ಅಭ್ರಕ ಬೆರೆಸಿದ ಹಾಗೆ ಮಿಣಮಿಣ. ಅಯಸ್ಕಾಂತ ಆಡಿಸಿದರೆ ಎಲ್ಲ ಎದ್ದು ಅಂಟಿಕೊಂಡಿತು, ಉಕ್ಕು. ವಿಮಾನ ಐದು ತಿಂಗಳು ನೆಲದ ಮೇಲೆ, ಒಬ್ಬೊಬ್ಬರ ಜೇಬಿನಿಂದ ಒಂಬತ್ತು ಸಾವಿರ.

ಹಾಗಾಗಿ ಒಟ್ಟು ಗಂಟೆ ಕೇಳಬೇಡಿ, ಕಳೆದ ಮೂರು ವರ್ಷದಲ್ಲಿ ತಿಂಗಳಿಗೆ ಎಷ್ಟು ಗಂಟೆ ಅಂತ ಕೇಳಿ. ವಾರ ವಾರ ಹಾರಿದ 1,400 ಗಂಟೆಯ ಎಂಜಿನ್, ಮೂಲೆಯಲ್ಲಿ ನಿಂತ 600 ಗಂಟೆಯದಕ್ಕಿಂತ ವಾಸಿ. ಫಿಲ್ಟರ್ ಕತ್ತರಿಸಿ ನೋಡಿಸಿ, ಸಿಲಿಂಡರ್ ಒಳಗೆ ಕ್ಯಾಮೆರಾ ಬಿಡಿಸಿ. ಮಾರುವವರಿಗೆ ಗೊತ್ತಿರುವ ಮೆಕ್ಯಾನಿಕ್ ಬೇಡ, ನಿಮ್ಮವರೇ ಒಬ್ಬರನ್ನು ಕರೆದುಕೊಂಡು ಹೋಗಿ.

ನಾಲ್ಕು ಸೀಟು ಬೇಡ ಅಂದರೆ ಮನೆಯಲ್ಲೇ ಜೋಡಿಸಿದ ವಿಮಾನಗಳೂ ಇವೆ, ವ್ಯಾನ್ಸ್ ಕಂಪನಿಯ ಆರ್‌ವಿ ಥರದವು. ಅರ್ಧಕ್ಕಿಂತ ಹೆಚ್ಚು ಕೆಲಸ ಹವ್ಯಾಸಿಗಳೇ ಮಾಡಿರಬೇಕು ಅನ್ನೋದು ನಿಯಮ. ಭಾಗಗಳಿಗೆ ಆ ಕಾಗದದ ಕಾಟ ಬಹುಪಾಲು ಇಲ್ಲ, ವೇಗವೂ ಜಾಸ್ತಿ. ಆದರೆ ಕಟ್ಟೋಕೆ ವರ್ಷಗಟ್ಟಲೆ ಬೇಕು. ಗ್ಯಾರೇಜಿನಲ್ಲಿ ಅರ್ಧ ರೆಕ್ಕೆ ಇಟ್ಟುಕೊಂಡು ಮಗಳ ಮದುವೆ ಮುಗಿಸಿದವರನ್ನು ನಾನು ನೋಡಿದ್ದೇನೆ. 2025ರ ಜುಲೈನಲ್ಲಿ ಅಮೆರಿಕ ಲೈಟ್ ಸ್ಪೋರ್ಟ್ ನಿಯಮಗಳನ್ನು ಸಾಕಷ್ಟು ಸಡಿಲಿಸಿದೆ, ಆ 600 ಕೆಜಿ ಮಿತಿಯೂ ಹೋಗುತ್ತಿದೆ. ಮುಂದೆ ಹೊಸ ವಿಮಾನ ಒಂದಿಷ್ಟು ಅಗ್ಗ ಆದೀತು. ಆದರೆ ಅದಕ್ಕೆ ಅಂತ ಕಾದು ಕೂರಬೇಡಿ.

ಊರಿಗೆ ವಾಪಸ್ ಬರುವಾಗ ತರಬಹುದಾ ಅಂತ ನೀವು ಕೇಳಿಲ್ಲ, ಆದರೂ ಹಲವರು ಕೇಳುತ್ತಾರೆ. ಭಾರತದಲ್ಲಿ 2025ರ ಸೆಪ್ಟೆಂಬರ್‌ನಿಂದ ಸ್ವಂತ ಬಳಕೆಯ ವಿಮಾನಕ್ಕೆ ಜಿಎಸ್‌ಟಿ ಶೇಕಡ 40. ಏವ್‌ಗ್ಯಾಸ್ ಇಲ್ಲೇ ತಯಾರಾಗಲು ಶುರುವಾಗಿದ್ದೇ 2022ರಲ್ಲಿ, ಗುಜರಾತಿನ ರಿಫೈನರಿಯಲ್ಲಿ, ಅದಕ್ಕೆ ಮುಂಚೆ ಎಲ್ಲ ಹೊರಗಿನದು. ನಮ್ಮಲ್ಲಿ ಸಣ್ಣ ವಿಮಾನ ಮಧ್ಯಮ ವರ್ಗದ ಕೈಗೆ ಎಟುಕಿದ್ದು ಒಂದೇ ದಾರಿಯಲ್ಲಿ, ಫ್ಲೈಯಿಂಗ್ ಕ್ಲಬ್. ಬೆಂಗಳೂರಿನ ಎಚ್‌ಎಎಲ್ 1958ರಲ್ಲಿ ಹಾರಿಸಿದ ಪುಷ್ಪಕ್, ಎರಡು ಸೀಟಿನ ಬಟ್ಟೆ ಹೊದಿಕೆಯ ವಿಮಾನ, ಸುಮಾರು 160 ತಯಾರಾಗಿ ದೇಶದ ಕ್ಲಬ್ಬುಗಳಿಗೆ ಹೋದವು. ನಾನು ಕೆಲಸ ಕಲಿಯುತ್ತಿದ್ದಾಗ ಒಂದರ ರೆಕ್ಕೆಗೆ ಡೋಪ್, ಅಂದರೆ ಬಟ್ಟೆಯನ್ನು ಬಿಗಿ ಮಾಡುವ ವಾರ್ನಿಷ್, ಬಳಿದ ನೆನಪಿದೆ. ಆ ವಾಸನೆ ಮೂರು ದಿನ ಕೂದಲಲ್ಲೇ ಇತ್ತು, ಅಮ್ಮ ಊಟಕ್ಕೆ ಪಕ್ಕದಲ್ಲಿ ಕೂರಿಸುತ್ತಿರಲಿಲ್ಲ. ಈಗ ಬೆಂಗಳೂರಿನದೇ ಸರ್ಕಾರಿ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನ ಹಂಸ-ಎನ್‌ಜಿ ವಿಮಾನ ಬಂದಿದೆ, ಅದೂ ತರಬೇತಿಗೆ ಅಂತಲೇ ಮಾಡಿದ್ದು.

ನಿಮಗೆ ಈಗ ಬೇಕಿರುವುದು ಇನ್ನು ಮೂರು ಜನ. ನೀವು ಬಾಡಿಗೆಗೆ ತೆಗೆದುಕೊಳ್ಳುವ ಏರ್‌ಪೋರ್ಟಿನ ನೋಟಿಸ್ ಬೋರ್ಡಿನಲ್ಲೇ ಒಂದು ಚೀಟಿ ಅಂಟಿಸಿ ನೋಡಿ. ವಿಮಾನ ಸಿಕ್ಕಿದರೆ ಮುಂಗಡ ಕೊಡುವ ಮುಂಚೆ ಎಂಜಿನ್ ಲಾಗ್‌ಬುಕ್ಕಿನ ಕೊನೆಯ ಹತ್ತು ಪುಟದ ಫೋಟೋ ನನಗೆ ಕಳಿಸಿ. ವಿಮಾನದ ಫೋಟೋ ಬೇಡ.